ನಾಯಿ ಮಾತು ಕೇಳುತ್ತಿಲ್ಲವೇ? ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

ನಮ್ಮ ರಾಗಿ ಬೀದಿಯಲ್ಲಿ ಹುಟ್ಟಿದ ಹೆಣ್ಣು ಮರಿ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಎದುರಿನ ಖಾಲಿ ಸೈಟಿನಲ್ಲಿ ಸಿಕ್ಕಿದಳು. ಮೈಬಣ್ಣ ರಾಗಿಯ ಹಾಗಿತ್ತು, ಅದಕ್ಕೇ ಆ ಹೆಸರು. ನಾಲ್ಕು ತಿಂಗಳಾಗುವಷ್ಟರಲ್ಲಿ ಹೊರಗೆ ಹೋಗಿಯೇ ಉಚ್ಚೆ ಮಾಡುವುದನ್ನು ಕಲಿತಿದ್ದಳು. ಐದನೇ ತಿಂಗಳಲ್ಲಿ, ಜೂನ್ ಮೊದಲ ವಾರ, ಇದ್ದಕ್ಕಿದ್ದ ಹಾಗೆ ಮತ್ತೆ ಮನೆಯೊಳಗೆ ಶುರುವಾಯಿತು.

ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಹಟ ಜಾಸ್ತಿಯಾಗಿದೆ ಎಂದರು ನಮ್ಮ ಯಜಮಾನರು. ಬೀದಿನಾಯಿ ಬುದ್ಧಿ ಎಲ್ಲಿ ಹೋಗುತ್ತೆ ಎಂದರು ಪಕ್ಕದ ಮನೆಯವರು. ಮಂಡ್ಯದ ಹತ್ತಿರದ ಹಳ್ಳಿಯಿಂದ ಬಂದಿದ್ದ ನಮ್ಮ ಭಾವ, "ಕೊಬ್ಬು ಕಣವ್ವ, ಎರಡು ಬುಟ್ರೆ ಸರಿಹೋಯ್ತದೆ" ಎಂದರು. ನಾನೂ ಒಂದು ದಿನ ಪೇಪರ್ ಸುರುಳಿ ಸುತ್ತಿ ಹೊಡೆದೆ. ಅದು ನನಗೆ ಈಗಲೂ ನೋವು. ಏಕೆಂದರೆ ತೊಂದರೆ ಇದ್ದದ್ದು ಅವಳಲ್ಲಿ ಅಲ್ಲವೇ ಅಲ್ಲ.

ಮಿಕ್ಸಿ ತಿರುಗದಿದ್ದರೆ ಮೊದಲು ಏನು ಮಾಡುತ್ತೇವೆ? ಕರೆಂಟ್ ಇದೆಯಾ ನೋಡುತ್ತೇವೆ. ಪ್ಲಗ್ ಸರಿಯಾಗಿ ಕೂತಿದೆಯಾ ನೋಡುತ್ತೇವೆ. ಮೋಟಾರು ಬಿಚ್ಚುವುದು ಕೊನೆಗೆ, ಅಲ್ವಾ? ನಾಯಿಯ ವಿಷಯದಲ್ಲಿ ಮಾತ್ರ ನಾವು ಮೊದಲೇ ಅದರ ಸ್ವಭಾವಕ್ಕೆ ಕೈ ಹಾಕುತ್ತೇವೆ. ಹಟ, ಕೊಬ್ಬು, ತಳಿ ಎಂದ ಕೂಡಲೇ ಹುಡುಕಾಟ ನಿಂತುಹೋಗುತ್ತದೆ. ಈಗ ನಾನು ಯಾವ ತೊಂದರೆ ಬಂದರೂ ಒಂದೇ ಕ್ರಮದಲ್ಲಿ ನೋಡುತ್ತೇನೆ. ಮೊದಲು ನಾಯಿಯ ಮೈ. ಆಮೇಲೆ ಅದರ ದಿನಚರಿ. ಆಮೇಲೆ ಮನೆಯವರು. ಇಷ್ಟೂ ಸರಿ ಇದ್ದರೆ ಮಾತ್ರ ಪಾಠ ಕಲಿಸಿದ ರೀತಿ.

ಶುರು ಮಾಡುವ ಮುಂಚೆ ಒಂದು ಕೆಲಸ ಇದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿಗೆ ಒಂದು ಪೆನ್ನು ಕಟ್ಟಿ. ತಪ್ಪು ನಡೆದಾಗೆಲ್ಲ ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ನೀವೇನು ಮಾಡಿದಿರಿ ಎಂದು ಆ ತಾರೀಖಿನ ಮನೆಯಲ್ಲಿ ಬರೆಯಿರಿ. ನಾಲ್ಕೈದು ದಿನ ಸಾಕು. ನೆನಪನ್ನು ನಂಬಬೇಡಿ. "ಯಾವಾಗಲೂ ಮಾಡುತ್ತೆ" ಎಂದು ಅನಿಸಿದ್ದು ಬರೆದು ನೋಡಿದರೆ ದಿನಕ್ಕೆ ಎರಡೇ ಸಲ, ಅದೂ ಒಂದೇ ಹೊತ್ತಿಗೆ ಇರುತ್ತದೆ.

ಮೊದಲು ಮೈ

ಕಲಿತದ್ದು ಏಕಾಏಕಿ ಕೆಟ್ಟರೆ ಮೊದಲು ಪಶು ವೈದ್ಯರ ಹತ್ತಿರ ಹೋಗಿ. ಪದೇ ಪದೇ ಹನಿ ಹನಿ ಉಚ್ಚೆ ಮಾಡುತ್ತಿದೆಯಾ, ಮಾಡುವಾಗ ಮುಕ್ಕುತ್ತಿದೆಯಾ, ಉಚ್ಚೆ ಕೆಂಪಗಿದೆಯಾ? ಆಗ ಮೂತ್ರನಾಳದ ಸೋಂಕು ಇರಬಹುದು. ನೀರು ಕುಡಿಯುವುದು ಒಮ್ಮೆಲೇ ಜಾಸ್ತಿಯಾಗಿದ್ದರೆ ಅದನ್ನೂ ಹೇಳಿ. ಗರ್ಭಕೋಶ ತೆಗೆಸಿದ ಹೆಣ್ಣು ನಾಯಿ ಮಲಗಿದ ಜಾಗವೇ ಒದ್ದೆಯಾಗುತ್ತಿದ್ದರೆ ಅದಕ್ಕೆ ಗೊತ್ತಿಲ್ಲದೇ ಸೋರುತ್ತಿರುತ್ತದೆ. ಅದಕ್ಕೆ ಔಷಧಿ ಇದೆ, ಬೈಗುಳದಿಂದ ವಾಸಿಯಾಗುವುದಿಲ್ಲ.

ಕರೆದರೆ ತಿರುಗದ ನಾಯಿಯ ಕಿವಿ ನೋಡಿ. ಒಳಗೆ ಕೆಂಪಾಗಿ ವಾಸನೆ ಬರುತ್ತಿದ್ದರೆ ಸೋಂಕು. "ಕೂರು" ಎಂದರೆ ಕೂರದ ದೊಡ್ಡ ನಾಯಿಗೆ ಸೊಂಟ ನೋಯುತ್ತಿರಬಹುದು. ಮಂಕಾಗಿ ಮೂಲೆ ಹಿಡಿದಿದ್ದರೆ ರಕ್ತ ಹೀರುವ ಉಣ್ಣೆ ಹುಳು ಹುಡುಕಿ. ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ, ಕೊರಳ ಬೆಲ್ಟಿನ ಕೆಳಗೆ ಬೆರಳಾಡಿಸಿ. ಉಣ್ಣೆಯಿಂದ ಬರುವ ಜ್ವರ ನಮ್ಮ ಕಡೆ ನಾಯಿಗಳನ್ನು ತುಂಬಾ ಕಾಡುತ್ತದೆ. ನಾಯಿಯ ಮೈ ಬಿಸಿ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಹಾಗಾಗಿ ಬರೀ ಕೈಯಿಂದ ಮುಟ್ಟಿ ಜ್ವರ ಇದೆ, ಇಲ್ಲ ಎಂದು ಹೇಳಲು ಆಗುವುದಿಲ್ಲ.

ರಾಗಿಯ ಮೂತ್ರ ಪರೀಕ್ಷೆ ಮಾಡಿಸಿದೆವು. ಏನೂ ತೊಂದರೆ ಇರಲಿಲ್ಲ. ಸರಿ, ಮೈ ಅಲ್ಲ ಎಂದು ಗೊತ್ತಾಯಿತು. ಮುಂದಿನದು ದಿನಚರಿ.

ಕಲಿತಿದ್ದ ನಾಯಿ ಮತ್ತೆ ಮನೆಯೊಳಗೆ ಉಚ್ಚೆ ಮಾಡುತ್ತಿದೆ

ಕ್ಯಾಲೆಂಡರ್ ನೋಡಿದಾಗ ನನಗೆ ಆಶ್ಚರ್ಯವಾಯಿತು. ಒಂದೇ ತೊಂದರೆ ಅಂದುಕೊಂಡದ್ದು ಎರಡಾಗಿತ್ತು. ಮಧ್ಯಾಹ್ನ ಒಂದೂವರೆ ಸುಮಾರಿಗೆ ಹಜಾರದ ಮೂಲೆಯಲ್ಲಿ ದೊಡ್ಡ ಮಡು. ಸಂಜೆ ನಾಲ್ಕಕ್ಕೆ ಬಾಗಿಲ ಹತ್ತಿರ ನಾಲ್ಕು ಹನಿ. ಅಷ್ಟೇ. ಬೆಳಿಗ್ಗೆ ಇಲ್ಲ, ರಾತ್ರಿ ಇಲ್ಲ.

ಜೂನ್ ಮೊದಲ ವಾರ ಏನಾಯಿತು? ಮಗನಿಗೆ ಸ್ಕೂಲ್ ಶುರುವಾಯಿತು. ಬೇಸಿಗೆ ರಜದಲ್ಲಿ ಅವನು ಗಂಟೆಗೊಮ್ಮೆ ರಾಗಿಯನ್ನು ಹೊರಗೆ ಎಳೆದುಕೊಂಡು ಹೋಗುತ್ತಿದ್ದ. ಅದು ನಮಗೆ ಲೆಕ್ಕಕ್ಕೇ ಬಂದಿರಲಿಲ್ಲ. ಈಗ ಬೆಳಿಗ್ಗೆ ಎಂಟಕ್ಕೆ ಒಂದು ಸಲ ಹೋದರೆ ಸಂಜೆ ನಾಲ್ಕರವರೆಗೆ ಹೊರಗೆ ಕರೆದೊಯ್ಯುವವರು ಯಾರೂ ಇಲ್ಲ. ಎಂಟು ಗಂಟೆ! ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳಬಹುದು ಎಂದು ಒಂದು ಅಂದಾಜು ಲೆಕ್ಕವಿದೆ. ಐದು ತಿಂಗಳ ಮರಿಗೆ ಆರು ಗಂಟೆ, ಅದೂ ಮಲಗಿದ್ದರೆ. ಆಡುತ್ತಾ ನೀರು ಕುಡಿಯುತ್ತಾ ಇದ್ದರೆ ಇನ್ನೂ ಕಡಿಮೆ. ಅವಳು ಐದೂವರೆ ಗಂಟೆ ತಡೆದುಕೊಂಡಿದ್ದಳು. ನಾವು ಅದನ್ನು ಹಟ ಎಂದಿದ್ದೆವು.

ಸಂಜೆಯ ನಾಲ್ಕು ಹನಿ ಬೇರೆ ಕಥೆ. ಮಗ ಬ್ಯಾಗ್ ಎಸೆದು, ಅವಳ ಮೇಲೆ ಬಗ್ಗಿ, ಕೂಗಾಡಿ ಅಪ್ಪಿಕೊಳ್ಳುತ್ತಿದ್ದ. ಅವಳು ಕಿವಿ ಹಿಂದಕ್ಕೆ ಮಾಡಿ, ಮೈ ಕುಗ್ಗಿಸಿ, ಬಾಲ ಆಡಿಸುತ್ತಲೇ ಹನಿ ಬಿಡುತ್ತಿದ್ದಳು. ಮರಿಗಳಲ್ಲಿ ಸಂತೋಷ, ಅಂಜಿಕೆ ಎರಡೂ ಜಾಸ್ತಿಯಾದರೆ ಹೀಗಾಗುತ್ತದೆ. ಅದು ಅವುಗಳ ಹಿಡಿತದಲ್ಲಿ ಇರುವುದಿಲ್ಲ. ಇದಕ್ಕೆ ಬೈದರೆ ಅಂಜಿಕೆ ಹೆಚ್ಚಿ ಹನಿಯೂ ಹೆಚ್ಚುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ಗೊತ್ತೇ ಆಗುವುದಿಲ್ಲ. ಮೊದಲು ನಮ್ಮತ್ತೆ ಮಧ್ಯಾಹ್ನ ಹನ್ನೆರಡಕ್ಕೆ, ಊಟಕ್ಕೆ ಕೂರುವ ಮುಂಚೆ, ಅವಳನ್ನು ಹಿತ್ತಲಿಗೆ ಬಿಡತೊಡಗಿದರು. ಎರಡೇ ದಿನದಲ್ಲಿ ಮಡು ನಿಂತಿತು. ಹನಿ ಹಾಗೇ ಇತ್ತು. ಆಮೇಲೆ ಮಗನಿಗೆ ಹೇಳಿಕೊಟ್ಟೆವು. ಒಳಗೆ ಬಂದು ಮಾತಾಡಿಸದೆ ಕೈಕಾಲು ತೊಳೆದುಕೋ, ಅವಳು ಸಮಾಧಾನವಾದ ಮೇಲೆ ಪಕ್ಕದಲ್ಲಿ ಕೂತು ಎದೆ ಕೆರೆ, ತಲೆ ಮೇಲೆ ಬಗ್ಗಬೇಡ ಎಂದು. ಅದಕ್ಕೆ ಮೂರು ವಾರ ಹಿಡಿಯಿತು. ಅವನಿಗೆ ಕಲಿಸಲು ಎರಡು ವಾರ, ಅವಳಿಗೆ ಒಂದು.

ನಿಮ್ಮ ಮನೆಯಲ್ಲಿ ಯಾವ ಬಗೆ ಎಂದು ತಿಳಿಯಲು ನೆಲ ನೋಡಿ. ದೊಡ್ಡ ಮಡು ಇದ್ದರೆ ಹೊತ್ತು ಮೀರಿದೆ. ಬಂದವರ ಕಾಲ ಬಳಿ ಹನಿ ಇದ್ದರೆ ಅಂಜಿಕೆ. ಸೋಫಾ ಕಾಲಿಗೆ, ಬಾಗಿಲ ಚೌಕಟ್ಟಿಗೆ ನೇರವಾಗಿ ಸಿಡಿದಿದ್ದರೆ ಅದು ಗುರುತು ಹಾಕುವುದು. ಆರು ತಿಂಗಳು ದಾಟಿದ ಗಂಡುಗಳಲ್ಲಿ ಇದು ಸಾಮಾನ್ಯ, ಬೀಜ ತೆಗೆಸಿದರೆ ಬಹಳಷ್ಟು ನಾಯಿಗಳಲ್ಲಿ ಕಡಿಮೆಯಾಗುತ್ತದೆ. ಯಾವಾಗಲೂ ಅದೇ ಜಾಗ, ಅದೇ ಕಾಲೊರೆಸುವ ಬಟ್ಟೆ ಎಂದಾದರೆ ಅಲ್ಲಿ ಹಳೆಯ ವಾಸನೆ ಉಳಿದಿದೆ. ಫಿನಾಯಿಲ್ ನಮ್ಮ ಮೂಗಿಗೆ ಮಾತ್ರ ಸಾಕು. ಉಚ್ಚೆಯನ್ನು ಒಡೆಯುವ ಎನ್‌ಜೈಮ್ ದ್ರಾವಣ ಪೆಟ್ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲು ಒಣಬಟ್ಟೆಯಲ್ಲಿ ಹೀರಿಸಿ, ಆಮೇಲೆ ಅದನ್ನು ಹಾಕಿ ಹತ್ತು ಹದಿನೈದು ನಿಮಿಷ ಹಾಗೇ ಬಿಡಿ. ಹಳೇ ಮನೆಗಳ ಕೆಂಪು ನೆಲದಲ್ಲಿ ಬಿರುಕುಗಳಿದ್ದರೆ ಎರಡು ಮೂರು ಸಲ ಮಾಡಬೇಕಾಗುತ್ತದೆ.

ಇನ್ನೊಂದು ದೂರು ತುಂಬಾ ಜನ ಹೇಳುತ್ತಾರೆ. "ಅರ್ಧ ಗಂಟೆ ಹೊರಗೆ ಸುತ್ತಿಸಿದೆ, ಏನೂ ಮಾಡಲಿಲ್ಲ. ಒಳಗೆ ಬಂದ ತಕ್ಷಣ ಮಾಡಿತು." ಇಲ್ಲಿ ಹುಡುಕಬೇಕಾದದ್ದು ನಿಮ್ಮ ಅಭ್ಯಾಸ. ಅದು ಉಚ್ಚೆ ಮಾಡಿದ ಕೂಡಲೇ ಮನೆಗೆ ತಿರುಗುತ್ತಿದ್ದಿರಾ? ಹಾಗಿದ್ದರೆ ಉಚ್ಚೆ ಮಾಡಿದರೆ ಸುತ್ತಾಟ ಮುಗಿಯುತ್ತದೆ ಎಂದು ಅದು ಕಲಿತಿದೆ. ಕ್ರಮ ತಿರುಗಿಸಿ. ಮೊದಲು ಒಂದೇ ಜಾಗದಲ್ಲಿ ಸುಮ್ನೆ ನಿಲ್ಲಿ. ಮಾಡಿದ ಮೇಲೆ ಸುತ್ತಾಟ. ತಿಂಡಿಯನ್ನು ಅಲ್ಲೇ, ಒಂದೆರಡು ಸೆಕೆಂಡಿನೊಳಗೆ ಕೊಡಿ. ಮನೆಗೆ ಬಂದು ಕೊಟ್ಟರೆ ಅದು ಬಾಗಿಲು ದಾಟಿದ್ದಕ್ಕೆ ಸಿಕ್ಕ ಬಹುಮಾನ ಆಗುತ್ತದೆ.

ಉಚ್ಚೆಗೆ ಮೂಗು ಉಜ್ಜಿ ಕಲಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ದಯವಿಟ್ಟು ಬಿಡಿ. ಅದರಿಂದ ನಾಯಿ ಕಲಿಯುವುದು ಒಂದೇ, ಇವರ ಎದುರು ಉಚ್ಚೆ ಮಾಡಬಾರದು ಎಂದು. ಆಮೇಲೆ ಮಂಚದ ಕೆಳಗೆ ಹೋಗಿ ಮಾಡುತ್ತದೆ, ನೀವು ಹೊರಗೆ ಕರೆದೊಯ್ದರೂ ನಿಮ್ಮ ಎದುರು ಮಾಡುವುದಿಲ್ಲ. "ತಪ್ಪು ಅಂತ ಅದಕ್ಕೆ ಗೊತ್ತು, ಮುಖ ನೋಡಿ" ಎನ್ನುತ್ತೀರಾ? ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಆ ತಪ್ಪಿತಸ್ಥ ಮುಖ ನಾಯಿ ನಿಜವಾಗಿ ತಪ್ಪು ಮಾಡಿದೆಯೇ ಎಂಬುದನ್ನು ಅವಲಂಬಿಸಿರಲಿಲ್ಲ. ಸಾಕಿದವರು ಬೈದಾಗ ಬರುತ್ತಿತ್ತು. ಏನೂ ಮಾಡದ ನಾಯಿಗೆ ಬೈದರೂ ಅದೇ ಮುಖ ಬರುತ್ತಿತ್ತು.

ಕರೆದರೆ ಬರುವುದಿಲ್ಲ

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಪಾಠ. ಗೇಟು ತೆರೆದುಕೊಂಡು ರಸ್ತೆಗೆ ಓಡಿದ ನಾಯಿಯನ್ನು ಉಳಿಸುವುದು ಈ ಒಂದು ಮಾತು.

ರಾಗಿ ಮನೆಯೊಳಗೆ ಚೆನ್ನಾಗಿ ಬರುತ್ತಿದ್ದಳು. ಖಾಲಿ ಸೈಟಿನಲ್ಲಿ ಬಿಟ್ಟರೆ ತಿರುಗಿಯೂ ನೋಡುತ್ತಿರಲಿಲ್ಲ. ಕಿವಿ ಚೆನ್ನಾಗಿತ್ತು, ತಿಂಡಿ ಡಬ್ಬಿಯ ಸದ್ದಿಗೆ ಮಹಡಿಯಿಂದ ಇಳಿದು ಬರುತ್ತಿದ್ದಳು. ದಿನಚರಿಯಲ್ಲೂ ಕೊರತೆ ಇರಲಿಲ್ಲ. ಹಾಗಾದರೆ ಮನೆಯವರು. ಒಂದು ದಿನ ಪೂರ್ತಿ ಕೂತು, ಯಾರು ಯಾರು ಏನೆಂದು ಕರೆಯುತ್ತಾರೆ ಎಂದು ಬರೆದೆ. ನಾನು "ಬಾ". ಯಜಮಾನರು "ಕಮ್". ಅತ್ತೆ "ಬಾರಮ್ಮ ಬಂಗಾರಿ". ಮಗ ಬರೀ "ರಾಗೀ" ಎಂದು ಹತ್ತು ಸಲ. ನಾಲ್ಕು ಜನ, ನಾಲ್ಕು ಮಾತು. ಜೊತೆಗೆ "ಬಾ", "ಬೇಡ", "ಬಿಡು" ಮೂರೂ ಬಕಾರದಿಂದಲೇ ಶುರು. ನಮ್ಮ ಮನೆ ಮಾತಿನಲ್ಲಿ "ಬಾ" ದಿನಕ್ಕೆ ನೂರು ಸಲ ಬರುತ್ತದೆ, ಅದರಲ್ಲಿ ತೊಂಬತ್ತು ನಾಯಿಗಲ್ಲ. ಅವಳಿಗೆ ಅದು ಹಿನ್ನೆಲೆ ಸದ್ದಾಗಿತ್ತು.

ಇನ್ನೂ ದೊಡ್ಡದು ಒಂದಿತ್ತು. "ಬಾ" ಎಂದು ಕರೆದ ಮೇಲೆ ನಾನು ಏನು ಮಾಡುತ್ತಿದ್ದೆ? ಚೈನು ಹಾಕಿ ಮನೆಗೆ ಕರೆದೊಯ್ಯುತ್ತಿದ್ದೆ. ಇಲ್ಲ ಸ್ನಾನ ಮಾಡಿಸುತ್ತಿದ್ದೆ. ಇಲ್ಲ ಉಣ್ಣೆ ತೆಗೆಯುತ್ತಿದ್ದೆ. ಅವಳ ದೃಷ್ಟಿಯಲ್ಲಿ "ಬಾ" ಎಂದರೆ ಒಳ್ಳೆಯದು ಮುಗಿಯಿತು ಎಂಬ ಸುದ್ದಿ. ಯಾರು ಬರುತ್ತಾರೆ ಹೇಳಿ?

ಈ ನಡುವೆ ಮನೆಗೆ ಬಂದು ಕಲಿಸುವ ಒಬ್ಬ ತರಬೇತುದಾರರನ್ನೂ ಕರೆಸಿದ್ದೆವು. ಅವರು ಎಳೆದರೆ ಬಿಗಿಯುವ ಚೈನು ಹಾಕಿ, ಬರದಿದ್ದಾಗೆಲ್ಲ ಜಗ್ಗಿದರು. ಮೂರು ದಿನಕ್ಕೆ ರಾಗಿ ಚೈನು ಕಂಡರೆ ಮಂಚದ ಕೆಳಗೆ ಸೇರತೊಡಗಿದಳು. ನಾಲ್ಕನೇ ದಿನ ಬೇಡ ಎಂದೆವು. ಅವಳ ಭಯ ಹೋಗಲು ಎರಡು ತಿಂಗಳಾಯಿತು. ನೋವಿನಿಂದ ನಾಯಿ ಸುಮ್ಮನಾಗಬಹುದು, ಆದರೆ ಸುಮ್ಮನಾಗುವುದೇ ಬೇರೆ, ಕಲಿಯುವುದೇ ಬೇರೆ.

ಹಾಳಾದ ಮಾತನ್ನು ಸರಿಮಾಡುವುದಕ್ಕಿಂತ ಹೊಸ ಮಾತು ಹಾಕುವುದು ಸುಲಭ. ನಾವು "ಓಡ್ಬಾ" ಎಂದು ಇಟ್ಟುಕೊಂಡೆವು. ಮನೆಯಲ್ಲಿ ಬೇರೆ ಯಾವುದಕ್ಕೂ ಆ ಮಾತು ಬಳಸುವುದಿಲ್ಲ. ಒಂದು ಚೀಟಿಯಲ್ಲಿ ಎಲ್ಲ ಮಾತುಗಳನ್ನೂ ಬರೆದು ಫ್ರಿಜ್ಜಿಗೆ ಅಂಟಿಸಿದೆವು. "ಕೂರು", "ನಿಲ್ಲು", "ಬಿಡು", "ಓಡ್ಬಾ". ಅತ್ತೆ ಮೊದಲು ಒಪ್ಪಲಿಲ್ಲ, ನಾಯಿ ಹತ್ತಿರ ಮಾತಾಡುವುದಕ್ಕೂ ಚೀಟಿಯಾ ಎಂದರು. ಆಮೇಲೆ ಅವರೇ ನಮಗೆಲ್ಲ ನೆನಪಿಸುವವರಾದರು.

ಮೊದಲ ವಾರ ಹಜಾರದಲ್ಲಿ, ಆರು ಅಡಿ ದೂರದಿಂದ. "ಓಡ್ಬಾ" ಒಂದೇ ಸಲ, ಬಂದ ಕೂಡಲೇ ಬೆರಳ ತುದಿಯಷ್ಟು ಬೇಯಿಸಿದ ಕೋಳಿ. ದಿನಕ್ಕೆ ಮೂರು ಸಲ, ಐದೈದು ನಿಮಿಷ. ಎರಡನೇ ವಾರ ಬೇರೆ ಕೋಣೆಯಿಂದ. ಆಮೇಲೆ ತಾರಸಿ, ಆಮೇಲೆ ಕಾಂಪೌಂಡು. ಕೊನೆಗೆ ಖಾಲಿ ಸೈಟು, ಮೂವತ್ತು ಅಡಿ ಹತ್ತಿ ಹಗ್ಗ ಕಟ್ಟಿಕೊಂಡು. ಎಳೆಯುವುದಕ್ಕಲ್ಲ, ಓಡಿಹೋಗದಿರಲಿ ಎಂದು ಮಾತ್ರ. ಎರಡು ಸಲ ಸತತವಾಗಿ ಬರಲಿಲ್ಲವೋ, ಪಾಠ ಕಷ್ಟವಾಯಿತು ಎಂದರ್ಥ. ಹಿಂದಿನ ಮೆಟ್ಟಿಲಿಗೆ ಹೋಗಿ. ಹತ್ತು ಸಲ ಬಂದರೆ ಒಂಬತ್ತು ಸಲ ತಿಂಡಿ ಕೊಟ್ಟು ಮತ್ತೆ ಆಡಲು ಬಿಟ್ಟುಬಿಡಿ. ಒಂದು ಸಲ ಮಾತ್ರ ಮನೆಗೆ.

ಕೋಳಿ ತಿನ್ನದ ಮನೆಯವರು ಪನೀರ್ ಚೂರು, ಬೇಯಿಸಿದ ಸಿಹಿಗೆಣಸು, ಕ್ಯಾರೆಟ್ ಕೊಡಬಹುದು. ಒಣದ್ರಾಕ್ಷಿ, ದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಬೇಡವೇ ಬೇಡ, ಇವು ನಾಯಿಗೆ ವಿಷ. ಪ್ರಸಾದದ ಸಜ್ಜಿಗೆಯಲ್ಲಿ ಒಣದ್ರಾಕ್ಷಿ ಇರುತ್ತದೆ, ಮಕ್ಕಳು ಪ್ರೀತಿಯಿಂದ ಕೊಟ್ಟುಬಿಡುತ್ತಾರೆ. ಜೋಪಾನ.

ತಳಿಯನ್ನು ನೋಡುವುದು ಇಲ್ಲಿ, ಕೊನೆಗೆ. ನಮ್ಮ ಮುಧೋಳ ನಾಯಿ ಕಣ್ಣಿನಿಂದ ಬೇಟೆ ಗುರುತಿಸಿ ಅಟ್ಟುವ ತಳಿ. ಬೆಕ್ಕೋ ಮೊಲವೋ ಓಡಿದರೆ ಎಷ್ಟೇ ಕಲಿಸಿದ್ದರೂ ನಿಮ್ಮ ದನಿ ಅದಕ್ಕೆ ತಲುಪುವುದು ಕಷ್ಟ. ಅದನ್ನು ಸುತ್ತ ಗೋಡೆಯಿರುವ ಜಾಗದಲ್ಲಿ ಮಾತ್ರ ಬಿಡಿ.

ಮರಿ ಕೈಕಾಲು ಕಚ್ಚುತ್ತದೆ

ಮರಿಗೆ 28 ಹಾಲುಹಲ್ಲು, ದೊಡ್ಡ ನಾಯಿಗೆ 42 ಹಲ್ಲು. ಸುಮಾರು ನಾಲ್ಕರಿಂದ ಏಳು ತಿಂಗಳೊಳಗೆ ಅವು ಬದಲಾಗುತ್ತವೆ, ವಸಡು ನವೆಯಾಗುತ್ತದೆ. ಒದ್ದೆ ಬಟ್ಟೆಗೆ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡಿ. ಕೈಗೆ ಬಾಯಿ ಹಾಕಿದ ಕೂಡಲೇ ಆಟ ನಿಲ್ಲಿಸಿ ಎದ್ದುಹೋಗಿ.

ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ನಿದ್ದೆ. ಮರಿ ದಿನಕ್ಕೆ ಹದಿನೆಂಟು ಗಂಟೆಯಷ್ಟು ಮಲಗಬೇಕು. ನಿಮ್ಮ ಕ್ಯಾಲೆಂಡರಿನಲ್ಲಿ ಕಚ್ಚಾಟವೆಲ್ಲ ಸಂಜೆ ಏಳರಿಂದ ಒಂಬತ್ತರ ಒಳಗೆ ಇದೆಯಾ? ಆ ಹೊತ್ತಿಗೆ ಮನೆಯಲ್ಲಿ ಎಲ್ಲರೂ ಇರುತ್ತಾರೆ, ಟಿವಿ ಇರುತ್ತದೆ, ಮರಿಯನ್ನು ಒಬ್ಬರಾದ ಮೇಲೆ ಒಬ್ಬರು ಎತ್ತಿಕೊಳ್ಳುತ್ತಾರೆ. ಅದು ನಿದ್ದೆಗೆಟ್ಟ ಮಗುವಿನ ರಂಪ. ಕತ್ತಲೆ ಕೋಣೆಯಲ್ಲಿ ಹಾಸಿಗೆ ಹಾಕಿ ಮಲಗಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಕಚ್ಚಾಟ ಇಷ್ಟರಿಂದಲೇ ಅರ್ಧ ಇಳಿಯುತ್ತದೆ.

ಗೇಟಿನ ಹತ್ತಿರ ಬೊಗಳಾಟ

ಹಾಲಿನವರು ಬಂದರು, ನಾಯಿ ಬೊಗಳಿತು, ಹಾಲಿನವರು ಹೋದರು. ನಾಯಿಯ ಲೆಕ್ಕದಲ್ಲಿ ತಾನು ಬೊಗಳಿದ್ದಕ್ಕೇ ಅವರು ಹೋದದ್ದು. ಪೇಪರ್, ಕೊರಿಯರ್, ಸೊಪ್ಪಿನವರು, ಎಲ್ಲರೂ ದಿನಾ ಬಂದು ಸೋತು ಹೋಗುತ್ತಾರೆ! ಹಾಗಾಗಿ ಈ ಅಭ್ಯಾಸ ತಾನಾಗಿ ಹೋಗುವುದಿಲ್ಲ. ನೀವು ಒಳಗಿನಿಂದ "ಏಯ್" ಎಂದು ಕೂಗಿದರೆ ನೀವೂ ಜೊತೆಗೆ ಬೊಗಳಿದ ಹಾಗೆ.

ಮೊದಲು ಕಾಣುವುದನ್ನು ತಪ್ಪಿಸಿ. ಗೇಟಿನ ಕೆಳಭಾಗಕ್ಕೆ ನರ್ಸರಿಯ ಹಸಿರು ಬಲೆ ಕಟ್ಟಿ. ಆಮೇಲೆ ಗೇಟಿನ ಸದ್ದು ಕೇಳಿದ ತಕ್ಷಣ, ಬೊಗಳುವ ಮುಂಚೆಯೇ, ಮನೆ ಬಾಗಿಲ ಬಳಿ ನೆಲಕ್ಕೆ ನಾಲ್ಕು ಕಾಳು ತಿಂಡಿ ಎರಚಿ. ಸದ್ದು ಬಂದರೆ ಬಾಗಿಲ ಕಡೆ ಓಡಬೇಕು ಎಂದು ಅದಕ್ಕೆ ಅಭ್ಯಾಸವಾಗಲಿ.

ಕಟ್ಟಿಹಾಕಿದ ನಾಯಿಯಾದರೆ ಇವೆಲ್ಲದಕ್ಕೂ ಮುಂಚೆ ಚೈನು ನೋಡಿ. ಅಕ್ಕನ ಮನೆಯ ನಾಯಿಯನ್ನು ಹಗಲೆಲ್ಲ ತೆಂಗಿನ ಮರಕ್ಕೆ ಕಟ್ಟಿ ರಾತ್ರಿ ಬಿಡುತ್ತಿದ್ದರು. ಕಬ್ಬಿನ ಗದ್ದೆಗೆ ಹೋಗುವ ಆಳುಗಳೆಲ್ಲ ಅದರ ಎದುರೇ ಹಾಯಬೇಕು. ಅದು ಹೆದರಿದರೂ ಓಡುವಂತಿಲ್ಲ, ಹತ್ತಿರ ಹೋಗಿ ಮೂಸುವಂತಿಲ್ಲ. ಉಳಿದದ್ದು ಬೊಗಳುವುದೊಂದೇ. ಭಾವನಿಗೆ ಇದನ್ನು ಹೇಳಿದಾಗ, "ಬುಟ್ರೆ ಕಚ್ಚಕಿಲ್ವಾ?" ಎಂದರು. ಬೆಳಿಗ್ಗೆ, ಸಂಜೆ ಅರ್ಧರ್ಧ ಗಂಟೆ ನಾಲೆ ಏರಿ ಮೇಲೆ ನಡೆಸಿ, ಕಟ್ಟುವ ಜಾಗವನ್ನು ದಾರಿಯಿಂದ ಮನೆ ಹಿಂಭಾಗಕ್ಕೆ ಬದಲಿಸಿದರು. ಬೊಗಳಾಟ ಪೂರ್ತಿ ನಿಲ್ಲಲಿಲ್ಲ, ಆದರೆ ಆಳುಗಳು ಈಗ ಕೋಲು ಹಿಡಿದು ಬರುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೂಡ ಯಾವಾಗಲೂ ಕಟ್ಟಿಹಾಕುವ ನಾಯಿಗೆ ವ್ಯಾಯಾಮ ಕೊಡದಿರುವುದನ್ನು ಅಪರಾಧ ಎನ್ನುತ್ತದೆ.

ಊಟಕ್ಕೆ ಕೂತಾಗ ಗೋಗರೆಯುವುದು

ಇದರಲ್ಲಿ ನೇರವಾಗಿ ಮನೆಯವರನ್ನೇ ನೋಡಿ. ಯಾರೋ ಒಬ್ಬರು ಹತ್ತರಲ್ಲಿ ಒಂದು ಸಲ ದೋಸೆ ಚೂರು ಹಾಕುತ್ತಿರುತ್ತಾರೆ. ಯಾವಾಗಲೋ ಒಮ್ಮೆ ಸಿಗುವ ಬಹುಮಾನ ದಿನಾ ಸಿಗುವುದಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಇದನ್ನು ಬಿ.ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಇಲಿ, ಪಾರಿವಾಳಗಳ ಪ್ರಯೋಗಗಳಲ್ಲಿ ತೋರಿಸಿದ್ದರು. ಎಲ್ಲರೂ ಒಟ್ಟಿಗೆ ನಿಲ್ಲಿಸಿದರೆ ಮೊದಲ ಕೆಲವು ದಿನ ಗೋಗರೆತ ಜಾಸ್ತಿಯಾಗುತ್ತದೆ. ಅದು ಕೆಡುತ್ತಿರುವ ಲಕ್ಷಣ ಅಲ್ಲ, ಹಳೆಯ ಉಪಾಯವನ್ನು ಕೊನೆಯದಾಗಿ ಜೋರಾಗಿ ಪ್ರಯತ್ನಿಸುತ್ತಿದೆ ಅಷ್ಟೇ. ಆಗ ಸೋತು ಒಂದು ಚೂರು ಹಾಕಿದಿರೋ, ಜೋರಾಗಿ ಅತ್ತರೆ ಸಿಗುತ್ತದೆ ಎಂದು ಕಲಿಸಿದಿರಿ. ನಮ್ಮತ್ತೆಗೆ ಇದು ತುಂಬಾ ಕಷ್ಟವಾಯಿತು. "ಪಾಪ, ಅದೂ ಒಂದು ಜೀವ ಕಣಮ್ಮ" ಎನ್ನುತ್ತಿದ್ದರು. ಆ ಪ್ರೀತಿ ತಪ್ಪಲ್ಲ. ಅವರ ಪಾಲಿನ ದೋಸೆ ಚೂರನ್ನು ಊಟ ಮುಗಿದ ಮೇಲೆ ರಾಗಿಯ ತಟ್ಟೆಗೇ ಹಾಕಲಿ ಎಂದು ಗೊತ್ತುಮಾಡಿದೆವು.

ಒಬ್ಬಳನ್ನೇ ಬಿಟ್ಟುಹೋದರೆ ಮನೆ ಹಾಳು

ಹಳೇ ಮೊಬೈಲನ್ನು ಕಪಾಟಿನ ಮೇಲಿಟ್ಟು ವಿಡಿಯೋ ಮಾಡಿ. ನೀವು ಹೋಗಿ ಎರಡು ಗಂಟೆಯ ಮೇಲೆ ನಿಧಾನವಾಗಿ ಎದ್ದು ಚಪ್ಪಲಿ ಕಡಿದರೆ ಅದು ಬೇಜಾರು. ಹೋಗುವ ಮುಂಚೆ ನಡೆಸಿ, ಕಡಿಯಲು ಏನಾದರೂ ಕೊಡಿ. ಬಾಗಿಲು ಹಾಕಿದ ಮೊದಲ ಅರ್ಧ ಗಂಟೆಯಲ್ಲೇ ಊಳಿಟ್ಟು, ಜೊಲ್ಲು ಸುರಿಸಿ, ಬಾಗಿಲು ಪರಚಿದರೆ ಅದು ಭಯ. ಆಗ ಕೀ ಎತ್ತಿಕೊಂಡು ಮತ್ತೆ ಕೂರಿ. ಚಪ್ಪಲಿ ಹಾಕಿ ಮತ್ತೆ ಬಿಚ್ಚಿ. ಹತ್ತು ಸೆಕೆಂಡು ಹೊರಗೆ, ಆಮೇಲೆ ಮೂವತ್ತು, ಆಮೇಲೆ ಒಂದು ನಿಮಿಷ. ವಾರಗಟ್ಟಲೆ ಹಿಡಿಯುತ್ತದೆ. ಮೈಗೆ ಗಾಯ ಮಾಡಿಕೊಳ್ಳುವಷ್ಟು ಇದ್ದರೆ ವೈದ್ಯರು ಔಷಧಿಯನ್ನೂ ಜೊತೆಗೆ ಕೊಡುತ್ತಾರೆ.

ಮನೆಯಲ್ಲಿ ಹುಡುಕುವುದನ್ನು ನಿಲ್ಲಿಸಬೇಕಾದ ಸಂದರ್ಭ

ತಟ್ಟೆಯ ಹತ್ತಿರ ಹೋದರೆ ಮೈ ಸೆಟೆದು ಗುರ್ ಎನ್ನುವುದು, ಶಾಂತವಾಗಿದ್ದ ವಯಸ್ಸಾದ ನಾಯಿ ಏಕಾಏಕಿ ಮೇಲೆ ಬೀಳುವುದು, ಚರ್ಮ ಹರಿಯುವಂತೆ ಕಚ್ಚಿದ್ದು. ಇವುಗಳಿಗೆ ಈ ಬರಹ ಸಾಲದು, ವೈದ್ಯರನ್ನು ಕಾಣಿ. ಗುರ್ ಎಂದದ್ದಕ್ಕೆ ಹೊಡೆಯಬೇಡಿ. ಅದು ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಹಲ್ಲು ತಾಗಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ನಿಮ್ಮದೇ ನಾಯಿಯಾದರೂ, ಲಸಿಕೆ ಹಾಕಿಸಿದ್ದರೂ.

ಪಟಾಕಿ ಸದ್ದಿಗೆ ನಡುಗುವುದು

ಇದಕ್ಕೆ ಮೈಸೂರಿನವರಾದ ನಮಗೆ ಕಣ್ಣೆದುರೇ ಪಾಠ ಇದೆ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರೆ. ಆ ಸದ್ದಿಗೆ ಆನೆ, ಕುದುರೆ ಬೆದರಿದರೆ ಗತಿಯೇನು? ಅದಕ್ಕೇ ದಸರಾಕ್ಕೆ ಮುಂಚೆಯೇ ಅವುಗಳ ಎದುರು ತೋಪು ಹಾರಿಸಿ ತಾಲೀಮು ಕೊಡುತ್ತಾರೆ. ಮೊದಲ ತಾಲೀಮಿನಲ್ಲಿ ಕೆಲವು ಆನೆಗಳು ಬೆಚ್ಚುತ್ತವೆ, ಮಾವುತರು ಪಕ್ಕದಲ್ಲೇ ಇದ್ದು ಸಮಾಧಾನ ಮಾಡುತ್ತಾರೆ. 750 ಕಿಲೋ ತೂಗುವ ಚಿನ್ನದ ಅಂಬಾರಿಯನ್ನೂ ಮೊದಲ ದಿನವೇ ಹೊರಿಸುವುದಿಲ್ಲ. ಮೊದಲು ಮರಳು ಮೂಟೆ, ಆಮೇಲೆ ಮರದ ಅಂಬಾರಿ. ಅಷ್ಟು ದೊಡ್ಡ ಪ್ರಾಣಿಗೇ ಅಷ್ಟು ದಿನದ ತಯಾರಿ ಬೇಕು. ನಮ್ಮ ಹದಿನೈದು ಕಿಲೋ ನಾಯಿಗೆ ಮಾತ್ರ ನಾವು ಒಂದೇ ರಾತ್ರಿಯಲ್ಲಿ ದೀಪಾವಳಿಯನ್ನು ಅಭ್ಯಾಸ ಮಾಡಿಕೋ ಎನ್ನುತ್ತೇವೆ. ಅದರ ಕಿವಿಯೋ ಸುಮಾರು 45,000 ಹರ್ಟ್ಜ್‌ವರೆಗೆ ಕೇಳುತ್ತದೆ, ನಮ್ಮದು 20,000ಕ್ಕೆ ನಿಲ್ಲುತ್ತದೆ.

ಗೌರಿ ಗಣೇಶ ಹಬ್ಬದಿಂದ ದೀಪಾವಳಿಗೆ ಏಳು ವಾರಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಹಬ್ಬದ ಗಲಾಟೆ ಮುಗಿದ ಕೂಡಲೇ ಶುರು ಮಾಡಿ. ನಾಯಿ ಊಟ ಮಾಡುವಾಗ ಫೋನಿನಲ್ಲಿ ಪಟಾಕಿ ಸದ್ದನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ಹಾಕಿ. ಕಿವಿ ನಿಮಿರದೆ, ಉಣ್ಣುವುದು ನಿಲ್ಲದೆ ಮೂರು ದಿನ ಕಳೆದರೆ ಒಂದು ಹಂತ ಏರಿಸಿ. ಉಣ್ಣುವುದನ್ನು ನಿಲ್ಲಿಸಿದರೆ ಎರಡು ಹಂತ ಇಳಿಸಿ. ಹೆದರಿದಾಗ ಅಪ್ಪಿಕೊಂಡರೆ ಭಯ ಹೆಚ್ಚುತ್ತದೆ ಎಂಬುದು ಸುಳ್ಳು. ಹತ್ತಿರ ಬಂದರೆ ಧಾರಾಳವಾಗಿ ಮಡಿಲಿಗೆ ತೆಗೆದುಕೊಳ್ಳಿ.

ಹಿಂದಿನ ವರ್ಷಗಳಲ್ಲಿ ತುಂಬಾ ನಡುಗಿದ ನಾಯಿಯಾದರೆ ದಸರಾ ಮುಗಿಯುವ ಮುಂಚೆಯೇ ವೈದ್ಯರನ್ನು ಕಂಡು ಮಾತ್ರೆ ಕೇಳಿ. ಮನುಷ್ಯರ ನಿದ್ದೆ ಮಾತ್ರೆ ಕೊಡಬೇಡಿ. ನರಕ ಚತುರ್ದಶಿಯ ಹಿಂದಿನ ಸಂಜೆ, ಬೆಳಕಿರುವಾಗಲೇ ನಡೆಸಿ ಬನ್ನಿ. ಕಿಟಕಿ ಕಡಿಮೆ ಇರುವ ಕೋಣೆಯಲ್ಲಿ, ನಮ್ಮ ಮನೆಯಲ್ಲಿ ಅದು ಸಾಮಾನು ಕೋಣೆ, ಹಾಸಿಗೆ ಹಾಕಿ ನೀರಿಡಿ, ಫ್ಯಾನು ಜೋರಾಗಿ ತಿರುಗಲಿ. ಬೆಲ್ಟಿಗೆ ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆ ಕಟ್ಟಿ, ಗೇಟಿಗೆ ಅಗುಳಿ ಹಾಕಿದೆಯಾ ಎಂದು ಎರಡು ಸಲ ನೋಡಿ. ಯಾರಾದರೂ ಒಬ್ಬರು ಆ ರಾತ್ರಿ ಅದರ ಪಕ್ಕದಲ್ಲೇ ಮಲಗಿ. ನಮ್ಮ ಮನೆಯಲ್ಲಿ ಆ ಸರದಿ ಅತ್ತೆಯದು, ಬೇರೆಯವರಿಗೆ ಅವರು ಬಿಟ್ಟುಕೊಡುವುದಿಲ್ಲ.